ಬಾಗಿಲಿಗೆ ಬೇವು, ಕೆನ್ನೆಗೆ ಸೂಜಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ಅಮ್ಮ ಆಗಿರಲಿಲ್ಲ. ಸಿಡುಬೂ ಅಲ್ಲ, ದಡಾರವೂ ಅಲ್ಲ, ಸರ್ಪಸುತ್ತೂ ಅಲ್ಲ. ಆದರೂ ಬಸವೇಶ್ವರನಗರದ ನಮ್ಮ ಮನೆಯ ಬಾಗಿಲಿಗೆ ಒಂದು ಇಡೀ ದಿನ ಬೇವಿನ ಸೊಪ್ಪು ಕಟ್ಟಿತ್ತು, ಅಡುಗೆಮನೆಯಲ್ಲಿ ಒಗ್ಗರಣೆ ನಿಂತಿತ್ತು, ನಮ್ಮತ್ತೆ ನನ್ನ ಮುಖ ನೋಡಿ 'ತಾಯಿ' ಎಂದು ಕೈ ಮುಗಿಯುತ್ತಿದ್ದರು. ನಲವತ್ತೇಳು ವರ್ಷದ ಹೆಂಗಸು ನಾನು, ಸುಮ್ಮನೆ ಮಲಗಿಕೊಂಡು ಕೈ ಮುಗಿಸಿಕೊಂಡೆ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಮತ್ತೆ ಯಾಕೆ ಬರೆಯಬೇಕು ಎಂದರೆ, ನಿಮ್ಮಲ್ಲಿ ಯಾರೋ ಒಬ್ಬರು ಈಗ ಬಚ್ಚಲಮನೆಯ ಚಿಲಕ ಹಾಕಿಕೊಂಡು, ಕನ್ನಡಿಯಲ್ಲಿ ಕೆಂಪಗಾದ ಕೆನ್ನೆ ನೋಡಿಕೊಳ್ಳುತ್ತಾ, ನಾಳೆ ಬೆಳಗ್ಗೆ ಇಳಿದುಹೋಗುತ್ತದೆ ಎಂದುಕೊಳ್ಳುತ್ತಿರಬಹುದು. ನಾನು ಹಾಗೆ ಮೂರು ದಿನ ಅಂದುಕೊಂಡೆ.

ರಾಜಾಜಿನಗರದ ಒಂದು ಹಳೇ ಫೋಟೋ ಸ್ಟುಡಿಯೋದಲ್ಲಿ ನನ್ನದು ಟಚಪ್ ಕೆಲಸ. ಜನ ಪಾಸ್‌ಪೋರ್ಟ್ ಸೈಜ್ ಫೋಟೋಗೆ ಬರುತ್ತಾರೆ, ಮಾಲೀಕರು ಫೋಟೋ ತೆಗೆಯುತ್ತಾರೆ, ನಾನು ಕಂಪ್ಯೂಟರ್ ಮುಂದೆ ಕೂತು ಅವರ ಮೊಡವೆ, ಕಣ್ಣಿನ ಕೆಳಗಿನ ಕಪ್ಪು, ಮೂಗಿನ ಪಕ್ಕದಿಂದ ಬಾಯಿಯ ತುದಿಗೆ ಇಳಿಯುವ ಗೆರೆ, ಇವನ್ನೆಲ್ಲ ತೆಳುಮಾಡುತ್ತೇನೆ. ಪೂರ್ತಿ ಅಳಿಸಬಾರದು, ಅದೇ ಈ ಕೆಲಸದ ಗುಟ್ಟು. ಗೆರೆ ಅರ್ಧ ಉಳಿಸಿದರೆ 'ಫೋಟೋ ಚೆನ್ನಾಗಿ ಬಂದಿದೆ' ಎನ್ನುತ್ತಾರೆ. ಪೂರ್ತಿ ತೆಗೆದರೆ 'ಇದು ನಾನಲ್ಲ' ಎನ್ನುತ್ತಾರೆ. ಇಪ್ಪತ್ತು ವರ್ಷದಿಂದ ಊರವರ ಗೆರೆ ತೆಗೆಯುತ್ತಾ ಬಂದವಳಿಗೆ ತನ್ನ ಗೆರೆ ಮಾತ್ರ ಕಾಣದೇ ಇರುತ್ತದೆಯೇ?

ಎರಡು ವರ್ಷದ ಹಿಂದೆ ಥೈರಾಯ್ಡ್ ಶುರುವಾಗಿ ನಾನು ಸೊರಗಿದೆ. ಅದರ ಮೇಲೆ ಎರಡು ದವಡೆ ಹಲ್ಲು ಕೀಳಿಸಬೇಕಾಯಿತು. ಕೆನ್ನೆ ಒಳಗೆ ಹೋಯಿತು, ಗೆರೆ ಆಳವಾಯಿತು. ಆಮೇಲೆ ಶುರುವಾಯಿತು ನೋಡಿ ವಿಚಾರಣೆ. ಹೂವಿನವಳು ಕೇಳಿದಳು, ಎದುರುಮನೆಯವರು ಕೇಳಿದರು, ಮೆಡಿಕಲ್ ಸ್ಟೋರಿನವನು ಕೇಳಿದ. "ಯಾಕ್ರೀ ವನಜಾ, ಹುಷಾರಿಲ್ವಾ? ಮುಖ ಯಾಕೆ ಹಿಂಗಾಗಿದೆ?" ಥೈರಾಯ್ಡಿಗೆ ಮಾತ್ರೆ ತೆಗೆದುಕೊಂಡು ನಾನು ಹುಷಾರಾಗಿದ್ದೆ, ಮುಖ ಮಾತ್ರ ಕೇಳುತ್ತಿರಲಿಲ್ಲ. ಒಂದು ದಿನ ಕಾಲೇಜು ಹುಡುಗಿಯೊಬ್ಬಳು ತನ್ನ ಫೋಟೋ ನೋಡಿ ಖುಷಿಯಾಗಿ, "ಸೂಪರ್ ಆಂಟಿ. ನಿಮ್ದೂ ಒಂಚೂರು ಹಿಂಗೇ ಮಾಡ್ಕೊಳಿ," ಎಂದು ನಕ್ಕು ಹೋದಳು. ಪಾಪ, ಪ್ರೀತಿಯಿಂದಲೇ ಹೇಳಿದ್ದು. 

ಇನ್ನು ನಮ್ಮತ್ತೆಯ ಮುಖದ ವಿಷಯ ಹೇಳಬೇಕು, ಇಲ್ಲದಿದ್ದರೆ ನಾನು ಯಾಕೆ ಸುಳ್ಳು ಹೇಳಿದೆ ಎನ್ನುವುದು ಅರ್ಥವಾಗುವುದಿಲ್ಲ. ಅವರ ಹೆಸರು ನಂಜಮ್ಮ, ಎಪ್ಪತ್ತಾರು ವರ್ಷ. ಆರನೇ ವಯಸ್ಸಿನಲ್ಲಿ ಸಿಡುಬು ಬಂದು ಹೋಗಿತ್ತಂತೆ. ಹಣೆಯಿಂದ ಗದ್ದದವರೆಗೆ ಮುಖದ ತುಂಬ ಸಣ್ಣ ಸಣ್ಣ ಹಳ್ಳ. ಎಡಗೆನ್ನೆಯ ಮೇಲೆ ಮಾತ್ರ ಒಂದು ದೊಡ್ಡದು, ಬೆರಳ ತುದಿ ಕೂರುವಷ್ಟು. ಅದೆಲ್ಲ ಅಮ್ಮ ಕೊಟ್ಟು ಹೋದದ್ದು ಎಂದೇ ಅವರು ಹೇಳುತ್ತಿದ್ದರು. ಒಮ್ಮೆ ಬ್ಯಾಂಕಿಗೆ ಕೊಡಲು ಅವರ ಫೋಟೋ ಬೇಕಾಗಿತ್ತು. ಸೊಸೆಯ ಪ್ರೀತಿ ಉಕ್ಕಿ ನಾನು ಎಲ್ಲಾ ಹಳ್ಳವನ್ನೂ ತುಂಬಿಬಿಟ್ಟೆ. ಅವರು ಫೋಟೋ ಹಿಡಿದು, ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿದರು.

"ಇದ್ಯಾರ್ದೇ ಫೋಟೋ?"

"ನಿಮ್ದೇ ಅತ್ತೆ."

"ಬ್ಯಾಂಕ್‌ನೋರು ಇವಳೆಲ್ಲಿ ಅಂತ ಕೇಳಿದ್ರೆ ಎಲ್ಲಿಂದ ಕರ್ಕೊಂಡ್ ಬರ್ಲಿ? ಎಲ್ಲಾ ವಾಪಸ್ ಹಾಕು."

"ದೊಡ್ಡದೊಂದು ಬಿಡ್ಲಾ?" ಎಂದೆ.

ಅವರು ಒಂದು ಕ್ಷಣ ಎಡಗೆನ್ನೆ ಸವರಿಕೊಂಡರು. ಆಮೇಲೆ, "ಅದನ್ನೂ ಹಾಕು," ಎಂದು ಎದ್ದುಹೋದರು.

ಅಂಥ ಮುಖದ ಎದುರು ನಿಂತು, ಅತ್ತೆ, ನನ್ನ ಬಾಯಿಯ ಪಕ್ಕ ಒಂದು ಗೆರೆ ಬಂದಿದೆ, ಸೂಜಿಯಿಂದ ತುಂಬಿಸಿಕೊಂಡು ಬರುತ್ತೇನೆ ಎಂದು ಯಾವ ಬಾಯಲ್ಲಿ ಹೇಳುವುದು? ಗಂಡ ಲೋಕೇಶ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವರಿಗೆ ಹೇಳಿದರೆ ಟಿಂಕರಿಂಗ್, ಪೇಂಟಿಂಗ್ ಎಂದು ವರ್ಷಗಟ್ಟಲೆ ಕಾಡಿಸುತ್ತಾರೆ. ಹಾಗಾಗಿ ಯಾರಿಗೂ ಹೇಳಲಿಲ್ಲ.

ವಿಜಯನಗರದಲ್ಲಿ ಒಂದು ಬ್ಯೂಟಿ ಪಾರ್ಲರಿನ ಮಹಡಿಯ ಮೇಲೆ ಸ್ಕಿನ್ ಕ್ಲಿನಿಕ್ ಎಂದು ಬೋರ್ಡು ಹಾಕಿದ್ದರು. ಒಂದು ಶುಕ್ರವಾರ ಊಟದ ಬಿಡುವಿನಲ್ಲಿ ಮೆಟ್ರೋ ಹತ್ತಿ ಹೋಗಿಬಂದೆ. ಬಿಳಿ ಕೋಟು ಹಾಕಿದ್ದ ಹೆಂಗಸು ಡಾಕ್ಟರಾ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಫಿಲ್ಲರ್ ಎಂದರೆ ಒಂದು ಥರದ ಜೆಲ್, ಗೆರೆಯ ಕೆಳಗೆ ಚುಚ್ಚಿ ತುಂಬುತ್ತಾರೆ, ಇಷ್ಟು ಮಾತ್ರ ತಿಳಿದಿತ್ತು. ಎಡಗಡೆ ಸಲೀಸಾಗಿ ಆಯಿತು. ಬಲಗಡೆ ಚುಚ್ಚುವಾಗ ಮೂಗಿನವರೆಗೂ ಚಳಕ್ ಎಂದಿತು. ಅವಳು ಕೊಟ್ಟ ಕೈಗನ್ನಡಿಯಲ್ಲಿ ನೋಡಿದರೆ ಮೂಗಿನ ಪಕ್ಕ ಸುಣ್ಣದಂತೆ ಬೆಳ್ಳಗಾಗಿತ್ತು.

"ಇದ್ಯಾಕೆ ಬೆಳ್ಳಗಿದೆ?" ಎಂದೆ.

"ನಾರ್ಮಲ್ ಮೇಡಂ. ಆಮೇಲೆ ಸ್ವಲ್ಪ ಕೆಂಪಾಗತ್ತೆ, ಅದೂ ನಾರ್ಮಲ್. ಐಸ್ ಇಡಿ."

ಆ 'ನಾರ್ಮಲ್' ಎನ್ನುವ ಮಾತನ್ನು ನಾನು ಗಂಟು ಕಟ್ಟಿಕೊಂಡು ಮನೆಗೆ ಬಂದೆ. ಸಾಯಂಕಾಲಕ್ಕೆ ಎಡಗಡೆ ಸೂಜಿ ಚುಚ್ಚಿದಲ್ಲಿ ಸೊಳ್ಳೆ ಕಚ್ಚಿದಷ್ಟು ಕೆಂಪು. ಬಲಗಡೆ ಮೂಗಿನ ಪಕ್ಕದಿಂದ ತುಟಿಯವರೆಗೆ ಕೆಂಪು. ಸ್ಟುಡಿಯೋದಲ್ಲಿ ಎಸಿ ಗಾಳಿ ತಾಗಿ ಅಲರ್ಜಿ ಎಂದು ಮನೆಯಲ್ಲಿ ಹೇಳಿದೆ. ಯಾರೂ ಹೆಚ್ಚು ಕೇಳಲಿಲ್ಲ.

ಶನಿವಾರ ಎಡಗಡೆಯದು ಮಾಯ. ಬಲಗಡೆಯದು ಏರಿತ್ತು, ಬಣ್ಣ ಬೇರೆಯಾಗಿತ್ತು. ಬರೀ ಕೆಂಪಲ್ಲ, ನೀಲಿ ಬೆರೆತ ಕೆಂಪು, ಅದೂ ಒಂದೇ ಸಮನೆ ಇಲ್ಲ, ಬಲೆ ಹಾಸಿದಂತೆ. ಫೋಟೋ ತೆಗೆದು ಕ್ಲಿನಿಕ್ಕಿಗೆ ವಾಟ್ಸಾಪ್ ಮಾಡಿದೆ. 'ನಾರ್ಮಲ್ ಮೇಡಂ, ಐಸ್ ಕಂಟಿನ್ಯೂ ಮಾಡಿ' ಎಂದು ಬಂತು, ಜೊತೆಗೊಂದು ಗುಲಾಬಿ ಹೂವು. ಒಳಗೊಳಗೇ ಸೆಳೆತ ಶುರುವಾಗಿತ್ತು. ನೋವು ಇದೆ ಎಂದು ಮತ್ತೆ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ.

ಭಾನುವಾರ ಬೆಳಗ್ಗೆ ಎದ್ದಾಗ ಆ ಕೆಂಪಿನ ಮೇಲೆ ಸಾಸಿವೆ ಗಾತ್ರದ ಕೀವುಗುಳ್ಳೆಗಳು ಎದ್ದಿದ್ದವು. ಕಾಫಿ ಲೋಟ ತೆಗೆದುಕೊಳ್ಳಲು ಅಡುಗೆಮನೆಗೆ ಹೋದವಳನ್ನು ಅತ್ತೆ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು. ತುಂಬ ಹೊತ್ತು ನೋಡಿದರು. ನಿಧಾನವಾಗಿ ನನ್ನ ಗದ್ದ ಬಿಟ್ಟು ಎರಡೂ ಕೈ ಜೋಡಿಸಿದರು.

"ಅಮ್ಮ ಬಂದಿದ್ದಾಳೆ," ಎಂದರು.

ಆಗ ನಾನು ಬಾಯಿ ಬಿಡಬೇಕಿತ್ತು. ಒಂದು ಮಾತು, 'ಇಲ್ಲ ಅತ್ತೆ' ಎಂದರೆ ಸಾಕಿತ್ತು. ಆದರೆ ಎರಡು ದಿನದಿಂದ ಒಳಗೆ ಒದ್ದಾಡುತ್ತಿದ್ದವಳಿಗೆ ಅದು ದೇವರೇ ಒದಗಿಸಿದ ನೆಪದಂತೆ ಕಂಡಿತು. ಅಮ್ಮ ಎಂದರೆ ಯಾರೂ ಏನೂ ಕೇಳುವುದಿಲ್ಲ. ಸ್ಟುಡಿಯೋಗೆ ರಜೆ ಸಿಗುತ್ತದೆ. ಮುಖ ಮುಚ್ಚಿಕೊಂಡು ಮಲಗಬಹುದು. ಸುಮ್ಮನೆ ತಲೆ ಆಡಿಸಿದೆ.

ಅಮ್ಮ ಬಂದ ಮನೆಯ ಕಟ್ಟುಪಾಡು ಎಷ್ಟೋ ಮನೆಗಳಲ್ಲಿ ಈಗಿಲ್ಲ, ನಮ್ಮಲ್ಲಿ ಇನ್ನೂ ಇದೆ. ಒಗ್ಗರಣೆ ಹಾಕಬಾರದು, ಕರಿಯಬಾರದು, ಹೊರಗಿನವರು ಒಳಗೆ ಬರಬಾರದು. ತಲೆ ಬಾಚಬಾರದು. ನೀರು ಹಾಕುವ ದಿನದವರೆಗೆ ಸ್ನಾನವಿಲ್ಲ. ಎಲ್ಲಕ್ಕಿಂತ ಮುಖ್ಯ, ಸೂಜಿ ಮಾತ್ರೆ ಮುಟ್ಟಬಾರದು, ಅಮ್ಮನಿಗೆ ಕೋಪ ಬರುತ್ತದೆ. ಸೂಜಿ ಮುಟ್ಟಿಯೇ ಬಂದವಳು ನಾನು, ಇದನ್ನೆಲ್ಲ ಕೇಳುತ್ತಾ ಗೋಡೆ ಕಡೆ ತಿರುಗಿ ಮಲಗಿದೆ.

ನಮ್ಮ ರಸ್ತೆಯ ಬೇವಿನ ಮರವನ್ನು ತಂತಿಗೆ ತಾಗುತ್ತದೆ ಎಂದು ಕಡಿದು ಎಷ್ಟೋ ಕಾಲವಾಗಿದೆ. ಲೋಕೇಶ್ ಸ್ಕೂಟರ್ ತೆಗೆದುಕೊಂಡು ಮಲ್ಲತ್ತಹಳ್ಳಿ ಕೆರೆಯ ಕಡೆ ಹೋಗಿ ಒಂದು ಹೊರೆ ಸೊಪ್ಪು ತಂದರು. ಅಂಗಿಯ ತೋಳು ಹರಿದಿತ್ತು. "ಮರ ಹತ್ಬಿಟ್ರಾ ಈ ವಯಸ್ನಲ್ಲಿ?" ಎಂದೆ. "ಇನ್ನೇನ್ ಮಾಡ್ಲಿ, ಕೆಳಗಿರೋದೆಲ್ಲ ಮೇಕೆ ತಿಂದಿದೆ," ಎಂದರು. ಅತ್ತೆ ಬಾಗಿಲಿಗೆ ಕಟ್ಟಿದರು, ನನ್ನ ದಿಂಬಿನ ಕೆಳಗೆ ಹಾಸಿದರು. ಒಂದು ಕೊಂಬೆಯಿಂದ ಮುಖದ ಮೇಲೆ ಮೆಲ್ಲಗೆ ಗಾಳಿ ಬೀಸುತ್ತಾ ಕೂತರು.

"ತಂಪಾಗಿರು ತಾಯಿ. ನಮ್ಮುಡುಗಿ ಬಡಕಲಾಗಿದಾಳೆ, ಜಾಸ್ತಿ ಕಷ್ಟ ಕೊಡ್ಬೇಡ. ನಂಗ್ ಕೊಟ್ಟಂಗೆ ಕೊಡ್ಬೇಡ. ತಂಬಿಟ್ಟಿನ ಆರತಿ ಬೆಳಗ್ತೀನಿ."

ಅವರು ನನ್ನೊಂದಿಗೆ ಮಾತಾಡುತ್ತಿರಲಿಲ್ಲ, ನನ್ನ ಕೆನ್ನೆಯೊಂದಿಗೆ ಮಾತಾಡುತ್ತಿದ್ದರು. ನನಗೆ ಅಳು ಒತ್ತರಿಸಿ ಬಂತು. ಉರಿಗೆ ಅಳುತ್ತಿದ್ದೇನೆ ಎಂದುಕೊಂಡು ಅವರು ಇನ್ನೂ ಮೆಲ್ಲಗೆ ಬೀಸಿದರು. ಸಂಕಟ ಎಂದರೆ ಅದು.

ಸೋಮವಾರ ಬೆಳಗ್ಗೆ ಫೋನಿನಲ್ಲಿ ಮೂರೂ ದಿನದ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಎಲ್ಲವನ್ನೂ ಅದೇ ಕಿಟಕಿಯ ಬಳಿ, ಅದೇ ಬೆಳಕಿನಲ್ಲಿ ತೆಗೆದಿದ್ದೆ, ಅದು ಕಸುಬಿನ ಅಭ್ಯಾಸ. ಕಣ್ಣಿಗೆ ಸುಳ್ಳು ಹೇಳಿಕೊಳ್ಳಬಹುದು, ಫೋಟೋಗೆ ಹೇಳಲಾಗುವುದಿಲ್ಲ. ಸೂಜಿ ಚುಚ್ಚಿದ್ದು ಬಾಯಿಯ ಪಕ್ಕ, ಕೆಂಪು ಹಬ್ಬಿದ್ದು ಮೂಗಿನ ಹೊಳ್ಳೆಯವರೆಗೆ. ಹೊಳ್ಳೆಯ ಅಂಚು ಕಪ್ಪಿಗೆ ತಿರುಗುತ್ತಿತ್ತು. ನನ್ನ ಮುಖದ ಒಂದು ತುಂಡು ಕಣ್ಣೆದುರೇ ಸಾಯುತ್ತಿದೆ ಎಂದು ಅನ್ನಿಸಿತು. ಆದರೂ, ನಾಚಿಕೆ ಎಂಥ ಗಟ್ಟಿ ವಸ್ತು ನೋಡಿ, ಆಗಲೂ ಎದ್ದು ಹೇಳುವ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಓಡಿಹೋದೆ. ಅತ್ತೆ ಗೋಡೆ ಹಿಡಿದು ನಿಂತಿದ್ದರು, ಮೊಸರನ್ನ ನೆಲದ ಮೇಲೆ ಚೆಲ್ಲಿತ್ತು.

"ಏನಾಯ್ತು ಅತ್ತೆ?"

"ಏನಿಲ್ಲ ಕಣೇ, ಒಂಚೂರು ತಲೆ ಸುತ್ತು. ನೀನ್ಯಾಕೆ ಎದ್ದೆ, ಹೋಗಿ ಮಲಕ್ಕೋ."

"ಬಿಪಿ ಮಾತ್ರೆ ತಗೊಂಡ್ರಾ?"

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಅಮ್ಮ ಇರೋ ಮನೇಲಿ ಮಾತ್ರೆ ಮುಟ್ತಾರಾ? ನಿನ್ನೆಯಿಂದ ಬಿಟ್ಟಿದೀನಿ. ನೀನು ಹುಷಾರಾಗ್ಲಿ, ಆಮೇಲೆ ತಗೊಂಡ್ರಾಯ್ತು."

ನನ್ನ ಸುಳ್ಳಿಗೆ ಅವರು ಮಾತ್ರೆ ಬಿಟ್ಟಿದ್ದರು. ಅಲ್ಲಿಗೆ ನನ್ನ ಕಟ್ಟೆ ಒಡೆಯಿತು. ಅಡುಗೆಮನೆಯ ನೆಲದ ಮೇಲೆ, ಆ ಮೊಸರನ್ನದ ಪಕ್ಕದಲ್ಲೇ ಕುಸಿದು ಕೂತು ಎಲ್ಲ ಹೇಳಿದೆ. ವಿಜಯನಗರ, ಮಹಡಿ, ಸೂಜಿ, ನಾರ್ಮಲ್, ಎಲ್ಲ. "ಇದು ಅಮ್ಮ ಅಲ್ಲ ಅತ್ತೆ. ನಾನೇ ಮಾಡ್ಕೊಂಡಿದ್ದು. ಚೆನ್ನಾಗಿ ಕಾಣ್ಲಿ ಅಂತ."

ಬೈಯುತ್ತಾರೆ ಎಂದುಕೊಂಡೆ. ಅವರು ಅಂಥ ಬಾಯಿ ಇಲ್ಲದವರೇನಲ್ಲ, ತರಕಾರಿ ಗಾಡಿಯವನು ಅವರಿಗೆ ಹೆದರಿ ಬೀದಿ ಬದಲಾಯಿಸುತ್ತಾನೆ. ಆದರೆ ಅವರು ಕೇಳಿದ್ದು ಒಂದೇ.

"ನೋವಿದ್ಯಾ?"

"ತುಂಬಾ ಇದೆ ಅತ್ತೆ."

"ಮೂರ್ ದಿನದಿಂದ ಹಲ್ಲು ಕಚ್ಕೊಂಡಿದೀಯಲ್ಲೇ." ನನ್ನ ತಲೆಯ ಮೇಲೆ ಕೈ ಇಟ್ಟರು. ಆ ಕೈಯಲ್ಲಿ ಬೇವಿನ ವಾಸನೆ ಇತ್ತು. "ಏಳು. ಮುಖ ತೊಳ್ಕೋ, ತಲೆ ಬಾಚ್ಕೋ. ಆಸ್ಪತ್ರೆಗ್ ಹೋಗೋಣ."

ಹೊರಡುವ ಮೊದಲು ಅವರೇ ಬಾಗಿಲಿನ ಬೇವು ಬಿಚ್ಚಿದರು. ಬಿಸಾಡಲಿಲ್ಲ, ತುಳಸಿ ಕಟ್ಟೆಯ ಮೇಲಿಟ್ಟು, "ತಾಯಿ, ನೀನಿಲ್ಲದ ಕಡೆ ನಿನ್ ಹೆಸರು ಕರೆದ್ವಿ, ಹೊಟ್ಟೆಗೆ ಹಾಕ್ಕೊಳಮ್ಮ," ಎಂದರು. ನಾನು ಕೊಟ್ಟ ಮಾತ್ರೆ ನುಂಗಿ ಚಪ್ಪಲಿ ಮೆಟ್ಟಿಕೊಂಡರು. ಡಿಪೋಗೆ ಹೊರಟಿದ್ದ ಲೋಕೇಶ್ ಗೇಟಿನ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಅವರೇ ಆಟೋ ಕರೆದರು.

ಅತ್ತೆ ಹಟ ಹಿಡಿದು ಹತ್ತಿರದ ನರ್ಸಿಂಗ್ ಹೋಮ್ ಬಿಟ್ಟು ದೊಡ್ಡಾಸ್ಪತ್ರೆಗೇ ಕರೆದುಕೊಂಡು ಹೋದರು. ಸೋಮವಾರದ ಚರ್ಮದ ವಿಭಾಗ ಎಂದರೆ ಕೇಳಬೇಕೆ, ಸಂತೆ. ಟೋಕನ್ ಹಿಡಿದು ಬೆಂಚಿನ ತುದಿಯಲ್ಲಿ ಕೂತೆ, ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು. ಪಕ್ಕದಲ್ಲಿ ಮೂವತ್ತೈದರ ಆಸುಪಾಸಿನ ಹೆಂಗಸು, ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದಳು.

"ಅಕ್ಕಾರ, ಮಾರಿಗೆ ಏನಾತ್ರೀ?"

ಅಲರ್ಜಿ ಎನ್ನಲು ಬಾಯಿ ತೆರೆದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. "ಚೆನ್ನಾಗ್ ಕಾಣ್ಲಿ ಅಂತ ಸೂಜಿ ಚುಚ್ಚಿಸ್ಕೊಂಡೆ, ಹಿಂಗಾಯ್ತು," ಎಂದೆ. ಬೇರೆಯವರಿಗೆ ಹೇಳಿದ್ದು ಅದೇ ಮೊದಲು. ನೆಲವೇನೂ ಬಿರಿಯಲಿಲ್ಲ.

"ಅಯ್ಯ, ಅದಕ್ಕ್ಯಾಕ ನಾಚ್ತೀರಿ. ನಾ ಬಾಗಲಕೋಟಿ ಕಡಿಯಾಕಿ, ಬ್ಯಾಡರಹಳ್ಳ್ಯಾಗ ಖಾನಾವಳಿ ಐತ್ರೀ. ರೊಟ್ಟಿ ಹಂಚು ತಾಗಿ ಕೈ ಸುಟ್ಟೈತಿ. ಪೇಸ್ಟ್ ಹಚ್ಕೊಂಡು ಐದ್ ದಿನ ಸುಮ್ನ ಕುಂತೆ ನೋಡ್ರಿ, ನನ್ನಂಥ ಹುಚ್ಚಿ ಅದಾಳೇನ್ರಿ?" ದುಪಟ್ಟಾ ಸರಿಸಿ ನನ್ನ ಕೆನ್ನೆ ನೋಡಿದಳು. ಅವಳ ನಗು ನಿಂತಿತು. ತನ್ನ ಟೋಕನ್ ನನ್ನ ಕೈಗಿಟ್ಟು ನನ್ನದನ್ನು ತಾನು ತೆಗೆದುಕೊಂಡಳು. "ಮುಂದಿಂದು ನಂದೇ ಪಾಳಿ. ನೀವ್ ಹೋಗ್ರಿ. ನನ್ ಕೈ ಎಲ್ಲಿಗೂ ಓಡಿ ಹೋಗಂಗಿಲ್ಲ." ಅವಳ ಹೆಸರು ಕೇಳುವುದನ್ನೂ ಮರೆತೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ದುಪಟ್ಟಾ ಸರಿಸಿದ ಕೂಡಲೇ ಅವರ ಮುಖ ಗಂಭೀರವಾಯಿತು. ಯಾವಾಗ ಚುಚ್ಚಿಸಿಕೊಂಡಿರಿ, ಏನು ಹಾಕಿದರು, ಚುಚ್ಚುವಾಗ ಬೆಳ್ಳಗಾಯಿತಾ, ಜ್ವರ ಬಂತಾ. ಕಣ್ಣು ಮಂಜಾಯಿತಾ, ಎರಡೆರಡು ಕಾಣಿಸಿತಾ ಎಂದೂ ಕೇಳಿದರು. ಇದರಲ್ಲಿ ಕಣ್ಣೂ ಹೋಗಬಹುದಿತ್ತು ಎನ್ನುವುದು ನನಗೆ ಆಗ ಗೊತ್ತಾದದ್ದು. ದೇವರ ದಯೆ, ಕಣ್ಣಿಗೇನೂ ಆಗಿರಲಿಲ್ಲ. ನಾನು ಮೂರು ದಿನದ ಫೋಟೋ ತೋರಿಸಿದೆ. ಅವರು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದರು.

"ಒಳ್ಳೇ ಕೆಲಸ ಮಾಡಿದೀರ, ಇದರಿಂದ ನಂಗೆ ಎಲ್ಲಾ ಗೊತ್ತಾಗತ್ತೆ. ಇದು ಅಲರ್ಜಿ ಅಲ್ಲ. ರಕ್ತ ಹರಿಯೋ ದಾರೀಲಿ ಆ ಜೆಲ್ ಅಡ್ಡ ಕೂತಿದೆ. ಶುಕ್ರವಾರವೇ ಬಂದಿದ್ರೆ ಸುಲಭ ಇತ್ತು."

"ನಾವು ಅಮ್ಮ ಅಂದ್ಕೊಂಡ್ಬಿಟ್ವಿ," ಎಂದರು ಅತ್ತೆ. ನನ್ನ ಸುಳ್ಳನ್ನು ತಮ್ಮ ಮೇಲೆ ಎಳೆದುಕೊಂಡೇ ಹೇಳಿದರು.

ಡಾಕ್ಟರಮ್ಮ ನಗಲಿಲ್ಲ. "ನಮ್ಮಜ್ಜೀನೂ ಹಾಗೇ ಅಂತಿದ್ರು. ಈ ಗುಳ್ಳೆ ನೋಡಿದ್ರೆ ಯಾರಿಗಾದ್ರೂ ಹಾಗೇ ಅನ್ಸತ್ತೆ. ಈಗ ಬಂದ್ರಲ್ಲ, ಅದು ಮುಖ್ಯ."

ಆ ಜೆಲ್ಲನ್ನು ಕರಗಿಸುವ ಇಂಜೆಕ್ಷನ್ ಇದೆಯಂತೆ, ಆದರೆ ಎಲ್ಲಾ ಥರದ ಫಿಲ್ಲರಿಗೂ ಅದು ಹಿಡಿಯುವುದಿಲ್ಲವಂತೆ. ಹಾಕಿದ್ದು ಯಾವುದು ಎಂದು ನನಗೆ ಗೊತ್ತಿರಲಿಲ್ಲ. ಕ್ಲಿನಿಕ್ಕಿನವರು ಫೋನ್ ಎತ್ತಲಿಲ್ಲ. ಹೊರಗೆ ಕೂತಿದ್ದ ಲೋಕೇಶ್ ಇದನ್ನು ಕೇಳಿ ಎದ್ದು ಹೋದರು. ಮುಕ್ಕಾಲು ಗಂಟೆಯಲ್ಲಿ ಖಾಲಿ ಡಬ್ಬಿಯೊಂದನ್ನು ಕೈಯಲ್ಲಿ ಹಿಡಿದು ಬೆವರುತ್ತಾ ವಾಪಸ್ಸು ಬಂದರು. ಅಲ್ಲಿ ಏನು ಮಾತಾಡಿದರೋ, ಹೇಗೆ ತಂದರೋ, ಇವತ್ತಿಗೂ ಹೇಳಿಲ್ಲ. ಡಾಕ್ಟರಮ್ಮ ಡಬ್ಬಿ ಓದಿ, "ಇದು ಕರಗತ್ತೆ," ಎಂದರು. ಅತ್ತೆ ಅಲ್ಲೇ ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

ಕರಗಿಸುವ ಸೂಜಿ ತುಂಬಿದ ಸೂಜಿಗಿಂತ ಹೆಚ್ಚು ಉರಿಯಿತು. ಒಂದಲ್ಲ, ಸುಮಾರು. ಐಸ್ ಇಡಲೇಬಾರದಿತ್ತಂತೆ, ಈಗ ಬೆಚ್ಚಗಿನ ಬಟ್ಟೆ. ಪ್ರತಿ ಸಲವೂ ಡಾಕ್ಟರಮ್ಮ ಕೆನ್ನೆಯನ್ನು ಹೆಬ್ಬೆರಳಿನಿಂದ ಒತ್ತಿ, ಬೆಳ್ಳಗಾದ ಜಾಗಕ್ಕೆ ಬಣ್ಣ ಎಷ್ಟು ಬೇಗ ಮರಳುತ್ತದೆ ಎಂದು ಎಣಿಸುತ್ತಿದ್ದರು. ಒಂದು, ಎರಡು, ಮೂರು, ನಾಲ್ಕು, ಐದು. ಬಣ್ಣ ಬೇಗ ಬಂದರೆ ರಕ್ತ ಹರಿಯುತ್ತಿದೆ ಎಂದು ಅರ್ಥ. ಮಧ್ಯಾಹ್ನದ ಮೇಲೆ ಒಂದು ಸಲ ಒತ್ತಿ ಬಿಟ್ಟು, ಎರಡು ಎನ್ನುವಷ್ಟರಲ್ಲಿ ನಿಲ್ಲಿಸಿದರು. "ಬಂತು," ಎಂದರು. ಅಷ್ಟು ಚಿಕ್ಕ ಮಾತನ್ನು ಕೇಳಲು ಅಷ್ಟು ಕಾದದ್ದು ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಅವತ್ತು ಸಾಯಂಕಾಲ ಆಸ್ಪತ್ರೆಯ ಮೆಟ್ಟಿಲ ಮೇಲೆ ಲೋಕೇಶ್ ಕಾಫಿ ತಂದುಕೊಟ್ಟು ಪಕ್ಕದಲ್ಲಿ ಕೂತರು.

"ಆ ಗೆರೆ ನನ್ ಕಣ್ಣಿಗೆ ಕಂಡೇ ಇರ್ಲಿಲ್ಲ ಕಣೇ."

"ಅದೇ ಕಣ್ರೀ ನನ್ ಕಷ್ಟ. ನೀವು ನನ್ ಮುಖ ನೋಡಿ ಎಷ್ಟ್ ಕಾಲ ಆಯ್ತು?"

ಕಾಡಿಸುತ್ತಾರೆ ಎಂದು ಕಾದೆ. ಕಾಡಿಸಲಿಲ್ಲ. ಕಾಫಿ ಆರುವವರೆಗೂ ನನ್ನ ಮುಖವನ್ನೇ ನೋಡಿದರು, ಊದಿಕೊಂಡು, ಕಪ್ಪಾಗಿ, ಗುಳ್ಳೆ ಎದ್ದ ಆ ಮುಖವನ್ನು. ನನಗೇ ನಾಚಿಕೆಯಾಗಿ ಬೇರೆ ಕಡೆ ತಿರುಗಿದೆ.

ಮತ್ತೆ ಎರಡು ದಿನ ಹೋಗಿ ಸೂಜಿ ಹಾಕಿಸಿಕೊಂಡೆ. ಮನೆಯಲ್ಲಿ ಬಟ್ಟೆ ಬೆಚ್ಚಗೆ ಮಾಡಿ ಒತ್ತುವ ಕೆಲಸ ಅತ್ತೆಯದು. ಕೆನ್ನೆ ಒತ್ತಿ ಬಣ್ಣ ಎಣಿಸುವುದನ್ನೂ ಅವರು ಕಲಿತುಬಿಟ್ಟರು. ಕಾಫಿ ಕೊಡುವ ಮೊದಲು ಒಂದು ಸಲ, ಧಾರಾವಾಹಿಯ ಜಾಹೀರಾತಿನ ನಡುವೆ ಒಂದು ಸಲ. "ಒಂದು, ಎರಡು. ಬಂತು ಕಣೇ." ಮೂರು ವಾರದ ಮೇಲೆ ಹೊಳ್ಳೆಯ ಪಕ್ಕದ ಹಕ್ಕಳೆ ಉದುರಿತು. ಅದರ ಕೆಳಗೆ ಒಂದು ಸಣ್ಣ ಹಳ್ಳ ಉಳಿಯಿತು, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ಅದು ಹೋಗುವುದಿಲ್ಲವಂತೆ. ಗೆರೆಯೂ ಮೊದಲಿನ ಜಾಗದಲ್ಲೇ ಇದೆ.

ಚಿಲಕ ಹಾಕಿಕೊಂಡು ನಿಂತವರಿಗೆ ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಸೂಜಿ ಚುಚ್ಚಿದಲ್ಲೇ ಇದ್ದು, ದಿನದಿಂದ ದಿನಕ್ಕೆ ಇಳಿಯುವ ಕೆಂಪು ಬೇರೆ. ನನ್ನ ಎಡಗೆನ್ನೆಯದು ಅಂಥದ್ದು, ಅದು ತಾನಾಗಿ ಹೋಯಿತು. ಬೆಳ್ಳಗಾಗಿ ಆಮೇಲೆ ಬಲೆಯಂತೆ ಹಬ್ಬಿದರೆ, ನೋವು ಏರುತ್ತಾ ಹೋದರೆ, ಬಿಸಿಯಾಗಿ ಊದಿಕೊಂಡರೆ, ಗುಳ್ಳೆ ಎದ್ದರೆ, ಜ್ವರ ಬಂದರೆ ನಾಳೆಗೆ ನೋಡೋಣ ಎನ್ನಬೇಡಿ, ಅವತ್ತೇ ಹೋಗಿ. ಕಣ್ಣಿಗೆ ಏನಾದರೂ ಆದರಂತೂ ಆ ನಿಮಿಷವೇ. ಚುಚ್ಚಿದವರು ನಾರ್ಮಲ್ ಎಂದರೂ ನಿಮ್ಮ ನೋವು ಅಲ್ಲ ಎಂದರೆ ನೋವಿನ ಮಾತು ಕೇಳಿ. ಡಬ್ಬಿಯ ಒಂದು ಫೋಟೋ ಇಟ್ಟುಕೊಳ್ಳಿ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಅವರು ಬೈದರೆ ಬೈಯಲಿ, ಬೈಗುಳಕ್ಕೆ ಕೆನ್ನೆ ಕಪ್ಪಾಗುವುದಿಲ್ಲ.

ಹಕ್ಕಳೆ ಉದುರಿದ ವಾರವೇ, ಶುಕ್ರವಾರ ಬೆಳಗ್ಗೆ ಅತ್ತೆ ತಂಬಿಟ್ಟು ಮಾಡಿದರು. ಅಕ್ಕಿಹಿಟ್ಟು, ಬೆಲ್ಲ ಕಲಸಿ, ಉಂಡೆಯ ನಡುವೆ ಗುಳಿ ಮಾಡಿ, ತುಪ್ಪ ಬಿಟ್ಟು ಬತ್ತಿ ಇಟ್ಟರು. ಅಮ್ಮ ಬಂದೇ ಇರಲಿಲ್ಲವಲ್ಲ, ಮತ್ತೆ ಆರತಿ ಯಾತಕ್ಕೆ ಎಂದು ಕೇಳಿದೆ. "ಹರಕೆ ಹೊತ್ತಿದ್ದು ಹೊತ್ತಿದ್ದೇ. ಅವಳ ಹೆಸರಲ್ಲಿ ಸುಳ್ಳು ಹೇಳಿದೀಯ, ತಪ್ಪಾಯ್ತು ಅನ್ನು," ಎಂದರು. ತಟ್ಟೆಯಲ್ಲಿ ಎರಡು ದೀಪ ಇದ್ದವು.

"ಎರಡು ಯಾಕೆ ಅತ್ತೆ?"

"ಒಂದು ನಿಂದು."

"ಇನ್ನೊಂದು?"

ಅವರು ಬತ್ತಿ ಹಚ್ಚುತ್ತಾ, ನನ್ನ ಕಡೆ ನೋಡದೆ ಹೇಳಿದರು. "ನಿಮ್ಮಾವನ ಕಡೆಯೋರು ನನ್ನ ನೋಡಕ್ ಬರ್ತಾರೆ ಅಂತ ಗೊತ್ತಾದಾಗ ನಂಗೆ ಹದಿನೇಳು. ಪಕ್ಕದ್ ಮನೆಯೋಳು ಅಂದ್ಲು, ಸುಣ್ಣಕ್ಕೆ ಬಟ್ಟೆಸೋಡಾ ಕಲಸಿ ಹಚ್ಚು, ಹಳ್ಳ ಎಲ್ಲ ತುಂಬ್ಕೊಳತ್ತೆ ಅಂತ. ಹಿತ್ಲಲ್ಲಿ ಕೂತು ಒಂದು ಕೆನ್ನೆಗೆ ಹಚ್ಕೊಂಡೆ. ಬೆಂದೋಯ್ತು. ನಮ್ಮವ್ವ ಬಂದು ನೋಡಿ, ಇದೇನೇ ಅಂದ್ಲು. ಅಮ್ಮ ಮತ್ತೆ ಬಂದಿದ್ದಾಳೆ ಅಂದೆ."

ಬೆಂಕಿಕಡ್ಡಿ ಆರಿಸಿ ಪಕ್ಕಕ್ಕಿಟ್ಟರು. "ನಮ್ಮವ್ವನೂ ಬೇವು ಕಟ್ಟಿದ್ಲು ಬಾಗಿಲಿಗೆ. ಸಾಯೋವರ್ಗೂ ಅವಳಿಗೆ ಹೇಳ್ಲಿಲ್ಲ ನಾನು. ಯಾರಿಗೂ ಹೇಳ್ಲಿಲ್ಲ. ನೀನು ಮೂರನೇ ದಿನಕ್ಕೇ ಹೇಳ್ದೆ."

ಅತ್ತೆ ನನ್ನ ಕೈ ಹಿಡಿದು, ಬೆರಳನ್ನು ತಮ್ಮ ಎಡಗೆನ್ನೆಯ ಆ ದೊಡ್ಡ ಹಳ್ಳದ ಮೇಲೆ ಇಟ್ಟುಕೊಂಡರು. ಬೆರಳ ತುದಿ ಸರಿಯಾಗಿ ಕೂತಿತು. ಡಾಕ್ಟರಮ್ಮ ಮಾಡುತ್ತಿದ್ದಂತೆ ಮೆಲ್ಲಗೆ ಒತ್ತಿ, ಬಿಟ್ಟು, ಎಣಿಸಿದೆ. ಒಂದು, ಎರಡು.

"ಬಂತು ಅತ್ತೆ," ಎಂದೆ.